ಸ್ಪೋರ್ಟ್ಸ್ ಕಾರಿನ ಹಿಂಬದಿ ಗಾಜು ಬದಲಾವಣೆ

ಒಡೆದ, ಬಿರುಕುಬಿಟ್ಟ ಅಥವಾ ಮಸುಕಾದ ಹಿಂದಿನ ಗಾಜನ್ನು ತೆಗೆದು, ಅದೇ ಅಳತೆಯ, ಅದೇ ಗುಣದ ಹೊಸ ಗಾಜನ್ನು ಕೂರಿಸುವ ಕೆಲಸ. ಗ್ಯಾರೇಜುಗಳಲ್ಲಿ ಈ ಗಾಜಿಗೆ ಬ್ಯಾಕ್ ಗ್ಲಾಸ್, ಡಿಕ್ಕಿ ಗ್ಲಾಸ್ ಎಂಬ ಹೆಸರುಗಳಿವೆ. ಊರಿನ ಸಾಮಾನ್ಯ ಕಾರಿಗಾದರೆ ಇದು ಅರ್ಧ ದಿನದ ಕೆಲಸ. ಗಾಜು ಅಂಗಡಿಯಲ್ಲೇ ಸಿಗುತ್ತದೆ, ಕೂರಿಸುವವನಿಗೆ ಕೈ ಪಳಗಿರುತ್ತದೆ. ಸ್ಪೋರ್ಟ್ಸ್ ಕಾರಿನ ಲೆಕ್ಕ ಬೇರೆ. ಅಲ್ಲಿ ಹಿಂದಿನ ಗಾಜು ಒಂದರಲ್ಲಿ ಹದಗೊಳಿಸಿದ ಗಾಜು, ಇನ್ನೊಂದರಲ್ಲಿ ಬಟ್ಟೆ ಚಾವಣಿಗೆ ಹೊಲಿದ ಪ್ಲಾಸ್ಟಿಕ್ ಹಾಳೆ, ಮತ್ತೊಂದರಲ್ಲಿ ಎಂಜಿನ್ನಿನ ಮೇಲೆ ಸ್ಕ್ರೂ ಹಾಕಿ ಬಿಗಿದ ಪಾಲಿಕಾರ್ಬೊನೇಟ್. ಯಾವ ವಸ್ತು, ಯಾವುದರಿಂದ ಹಿಡಿದು ನಿಂತಿದೆ ಎಂಬ ಎರಡು ಪ್ರಶ್ನೆಗಳು ತೀರ್ಮಾನವಾಗುವವರೆಗೆ ಕೈಯಲ್ಲಿ ಕತ್ತಿ ಹಿಡಿಯಬಾರದು.

ಚಿತ್ರದುರ್ಗ ಜಿಲ್ಲೆಯಲ್ಲಿ ಸ್ಪೋರ್ಟ್ಸ್ ಕಾರುಗಳ ಷೋರೂಮ್ ಇಲ್ಲ. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಐಮಂಗಲ, ಚಿತ್ರದುರ್ಗಗಳನ್ನು ಹಾದೇ ಹೋಗುತ್ತದೆ. ಹಿಂದೆ ಇದು ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಗಲವಾಯಿತು. ವಾರಾಂತ್ಯದ ಬೆಳಗಿನ ಜಾವ ಬೆಂಗಳೂರಿನಿಂದ ಹೊರಡುವ ವೇಗದ ಕಾರುಗಳಿಗೆ ಸುಮಾರು 160 ಕಿ.ಮೀ. ದೂರದ ಹಿರಿಯೂರು ತಿಂಡಿಯ ಹೊತ್ತಿಗೆ ಸಿಗುವ ಊರು. ಅಲ್ಲಿಂದ ಹುಳಿಯಾರಿನ ಕಡೆಗೆ ತಿರುಗಿದರೆ ಯಲ್ಲದಕೆರೆಯಂಥ ತೆಂಗಿನ ತೋಟದ ಊರುಗಳು, ಪಶ್ಚಿಮಕ್ಕೆ ಹೊಸದುರ್ಗ, ಹೊಳಲ್ಕೆರೆ. ಇಂಥ ಕಡೆ ಹಿಂದಿನ ಗಾಜು ಪುಡಿಯಾದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಬೆಂಗಳೂರಿನ ವರ್ಕ್‌ಷಾಪಿನ ಕೈಪಿಡಿ ಪೂರ್ತಿ ಹೇಳುವುದಿಲ್ಲ. ಇಲ್ಲಿನ ಒಣಹವೆಯೇ ಕೆಲಸದ ಲೆಕ್ಕವನ್ನು ಬದಲಿಸುತ್ತದೆ.

ಗಾಜಿನ ಬಗೆ

ಕಾರಿನ ಮುಂದಿನ ಗಾಜು ಎರಡು ಪದರದ್ದು; ನಡುವೆ ಪಾಲಿವಿನೈಲ್ ಬ್ಯುಟೈರಲ್ ಎಂಬ ಪ್ಲಾಸ್ಟಿಕ್ ಹಾಳೆ. ಕಲ್ಲು ಬಡಿದರೆ ಜೇಡರ ಬಲೆಯಂತೆ ಬಿರುಕು ಹರಡುತ್ತದೆ, ಆದರೆ ಗಾಜು ಜಾಗ ಬಿಡುವುದಿಲ್ಲ. ಈ ಬಗೆಯ ಗಾಜಿನ ಮೂಲ ಫ್ರಾನ್ಸಿನ ಎಡ್ವರ್ ಬೆನೆಡಿಕ್ಟಸ್ 1909ರಲ್ಲಿ ಪಡೆದ ಪೇಟೆಂಟಿನಲ್ಲಿದೆ. ಹಿಂದಿನ ಗಾಜು ಸಾಮಾನ್ಯವಾಗಿ ಒಂದೇ ಪದರದ್ದು, 3ರಿಂದ 4 ಮಿ.ಮೀ. ದಪ್ಪ. ಅದನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಅಚ್ಚಿನಲ್ಲಿ ಬಾಗಿಸಿ, ತಣ್ಣನೆಯ ಗಾಳಿಯನ್ನು ರಭಸದಿಂದ ಊದಿ ಥಟ್ಟನೆ ಆರಿಸಿ ಹದಗೊಳಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನ ಭಾಗ ನಂತರ ಕುಗ್ಗಿದಾಗ ಹೊರಮೈ ಒತ್ತಡದಲ್ಲೂ ಒಳಭಾಗ ಎಳೆತದಲ್ಲೂ ಉಳಿಯುತ್ತವೆ. ಆ ಗಾಜಿನ ಬಲವೂ ಅದೇ, ಒಡೆಯುವ ರೀತಿಯೂ ಅದೇ: ಎಲ್ಲಿಯೋ ಒಂದು ಕಡೆ ಒಳಭಾಗದವರೆಗೆ ಬಿರುಕು ಇಳಿದರೆ ಇಡೀ ಗಾಜು ಕ್ಷಣದಲ್ಲಿ ಮೊಂಡುಮೂಲೆಯ ಸಣ್ಣ ಹರಳುಗಳಾಗಿ ಸುರಿಯುತ್ತದೆ. ಹಾಗಾಗಿ ಮುಂದಿನ ಗಾಜಿನ ಸಣ್ಣ ಚುಕ್ಕಿಗೆ ರಾಳ ತುಂಬಿ ರಿಪೇರಿ ಮಾಡುವಂತೆ ಹಿಂದಿನದಕ್ಕೆ ರಿಪೇರಿ ಎಂಬುದಿಲ್ಲ.

ಇದರಿಂದ ಬರುವ ಇನ್ನೊಂದು ಮಾತನ್ನು ಕಾರಿನ ಮಾಲೀಕರು ಮರೆಯುತ್ತಾರೆ. ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲು, ತೂತು ಹೊಡೆಯಲು, ಅಂಚು ಉಜ್ಜಲು ಬರುವುದಿಲ್ಲ. ಕಿಟಕಿಗೂ ಫೋಟೊ ಫ್ರೇಮಿಗೂ ಗಾಜು ಕೊಯ್ದು ಕೊಡುವ ಅಂಗಡಿಯವರು ಎಷ್ಟೇ ನುರಿತವರಾದರೂ ಬಾಗಿದ ಹಿಂಬದಿ ಗಾಜನ್ನು ಮಾಡಿಕೊಡಲಾರರು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಕಾಣುವಂಥ ಹಳೆಯ ಕಾಲದ ಕಾರುಗಳಲ್ಲಿ ಹಲವಕ್ಕೆ ಚಪ್ಪಟೆ ಗಾಜು ಇರುವುದರಿಂದ ಅವುಗಳ ವಿಷಯದಲ್ಲಿ ದಾರಿ ಇದೆ: ಚಪ್ಪಟೆಯಾದ ಪದರಗಾಜನ್ನು ಅಳತೆಗೆ ಕತ್ತರಿಸಬಹುದು. ಬಾಗು ಬಂದ ಮೇಲೆ ಆ ದಾರಿ ಮುಚ್ಚಿತು.

ಎಂಜಿನ್ ನಡುವಿನಲ್ಲೋ ಹಿಂದೆಯೋ ಇರುವ ಕಾರುಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಆಡಿ ಆರ್8ರಲ್ಲಿ ಹಿಂದೆ ಎರಡು ಗಾಜು: ಎಂಜಿನ್ ಮುಚ್ಚಳದಲ್ಲಿ ಒಂದು, ಸೀಟುಗಳ ಬೆನ್ನಿಗೆ ನೇರ ನಿಂತ ಇನ್ನೊಂದು. ‘ಹಿಂದಿನ ಗಾಜು ಬೇಕು’ ಎಂದಷ್ಟೇ ಫೋನಿನಲ್ಲಿ ಹೇಳಿ ತರಿಸಿದರೆ ತಪ್ಪು ಗಾಜು ಬರುವ ಸಂಭವ ಇದ್ದೇ ಇದೆ. 1987ರ ಫೆರಾರಿ ಎಫ್40ರಲ್ಲಿ ಎಂಜಿನ್ನಿನ ಮೇಲೆ ಗಾಜೇ ಇಲ್ಲ. ಬಿಸಿಗಾಳಿ ಹೊರಹೋಗಲು ಸೀಳುಗಳಿರುವ ಪ್ಲಾಸ್ಟಿಕ್ ಹಾಳೆ. ಪೋರ್ಷೆ ಬಾಕ್ಸ್‌ಸ್ಟರ್ 1996ರಲ್ಲಿ ಬಂದಾಗ ಬಟ್ಟೆ ಚಾವಣಿಯ ಹಿಂದೆ ಪ್ಲಾಸ್ಟಿಕ್ ಕಿಟಕಿ ಇತ್ತು; 2003ರ ಮಾದರಿಯಿಂದ ಗಾಜು ಬಂತು. 1989ರ ಮಜ್ಡಾ ಎಂಎಕ್ಸ್-5ರ ಪ್ಲಾಸ್ಟಿಕ್ ಕಿಟಕಿಗೆ ಜಿಪ್ ಇತ್ತು, ಬಿಚ್ಚಿ ಕೆಳಗಿಳಿಸಬಹುದಿತ್ತು.

ಕರ್ನಾಟಕಕ್ಕೆ ತನ್ನದೇ ಆದ ಒಂದು ಸ್ಪೋರ್ಟ್ಸ್ ಕಾರೂ ಇದೆ: ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಫೈಬರ್‌ಗ್ಲಾಸ್ ಮೈ, ರೆನೊ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್. ಸಣ್ಣ ಪ್ರಮಾಣದಲ್ಲಿ ತಯಾರಾದ ಇಂಥ ಕಾರುಗಳ ಗಾಜು, ಬೀಡಿಂಗು, ಚಾವಣಿ ಯಾವುದೂ ಅಂಗಡಿಯ ಕಪಾಟಿನಲ್ಲಿ ಸಿಗುವುದಿಲ್ಲ. ಫೈಬರ್‌ಗ್ಲಾಸ್ ಮೈಯಿಂದ ಒಂದು ಅನುಕೂಲವಂತೂ ಇದೆ: ಗಾಜಿನ ಅಂಚಿನಡಿ ತುಕ್ಕು ಹಿಡಿಯುವ ಭಯವಿಲ್ಲ.

ಒಡೆಯುವ ಕಾರಣ

ಜಲ್ಲಿ ಲಾರಿ, ಅದಿರಿನ ಲಾರಿಗಳಿಂದ ಹಾರುವ ಕಲ್ಲು ಮುಂದಿನ ಗಾಜಿನ ಶತ್ರು. ಹಿಂದಿನ ಗಾಜಿಗೆ ಅದರ ಕಾಟ ಕಡಿಮೆ. ಹಿಂದಿನದು ಒಡೆಯುವುದು ಹೆಚ್ಚಾಗಿ ನಿಂತಾಗ ಅಥವಾ ರಿವರ್ಸ್ ತೆಗೆಯುವಾಗ. ಬ್ಯಾಗು ಅಡ್ಡ ಸಿಕ್ಕಿದ್ದರೂ ಡಿಕ್ಕಿಯನ್ನು ಒತ್ತಿ ಮುಚ್ಚುವುದು, ಗೋಡೆಯಿಂದ ಚಾಚಿದ ಕಂಬಿಗೆ ತಾಗಿಸುವುದು, ಬಂದ್ ದಿನದ ಕಲ್ಲೇಟು ಎಲ್ಲ ಊರಿನಲ್ಲೂ ಉಂಟು. ಯಲ್ಲದಕೆರೆ, ಹೊಸದುರ್ಗದ ಕಡೆ ಇನ್ನೊಂದು ಸೇರುತ್ತದೆ. ನೆರಳು ಸಿಕ್ಕಿತೆಂದು ತೆಂಗಿನ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಬಲಿತ ಕಾಯಿಯೋ ಒಣಗಿದ ಗರಿಯ ಬುಡವೋ ಬೀಳುತ್ತದೆ. ಸ್ಪೋರ್ಟ್ಸ್ ಕಾರಿನ ಹಿಂದಿನ ಗಾಜು ಹೆಚ್ಚುಕಡಿಮೆ ಆಕಾಶಕ್ಕೆ ಮುಖ ಮಾಡಿ ಮಲಗಿರುವುದರಿಂದ ಪೆಟ್ಟು ಜಾರಿ ಹೋಗದೆ ಪೂರ್ತಿ ಬೀಳುತ್ತದೆ. ನೆರಳಿಗಿಂತ ಬಿಸಿಲೇ ವಾಸಿ ಎನ್ನಿಸುವ ಸಂದರ್ಭ ಇದೊಂದೇ ಇರಬೇಕು.

‘ಬಿಸಿಲಿಗೆ ಒಡೆಯಿತು’ ಎಂಬ ಮಾತು ಬಯಲುಸೀಮೆಯಲ್ಲಿ ಆಗಾಗ ಕೇಳಿಬರುತ್ತದೆ. ಸರಿಯಾಗಿ ಹದಗೊಂಡ ಗಾಜು 200 ಡಿಗ್ರಿಯಷ್ಟು ಉಷ್ಣಾಂಶದ ವ್ಯತ್ಯಾಸವನ್ನು ತಾಳಬಲ್ಲದು. ಬರಿಯ ಬಿಸಿಲಿಗೆ ಒಡೆಯುವುದಿಲ್ಲ. ಅಂಚಿನಲ್ಲಿ ಮೊದಲೇ ಬಿದ್ದಿದ್ದ ಸಣ್ಣ ಚಕ್ಕೆ, ಚೌಕಟ್ಟಿಗೆ ಓರೆಯಾಗಿ ಕೂತು ಒತ್ತುತ್ತಿರುವ ಗಾಜು, ಅಪರೂಪಕ್ಕೆ ಗಾಜಿನೊಳಗೆ ಸಿಕ್ಕಿಕೊಂಡ ನಿಕಲ್ ಸಲ್ಫೈಡಿನ ಕಣ ಇವು ನಿಜವಾದ ಕಾರಣಗಳು. ಬಿಸಿಲು ನೆಪ ಅಷ್ಟೆ. ಹೊಸ ಗಾಜು ಕೂರಿಸಿದ ಕೆಲವೇ ವಾರಗಳಲ್ಲಿ ತಾನಾಗಿ ಒಡೆದರೆ ಮೊದಲು ಚೌಕಟ್ಟಿನ ಅಳತೆ ನೋಡಬೇಕು, ಹಿಂದೆ ಅಪಘಾತವಾಗಿ ಟಿಂಕರಿಂಗ್ ಮಾಡಿಸಿದ ಕಾರಾದರೆ ಖಂಡಿತ ನೋಡಬೇಕು.

ಒಡೆದ ಕೂಡಲೇ

ಎಂಜಿನ್ ಹಿಂದಿರುವ ಕಾರಾದರೆ ಸ್ಟಾರ್ಟ್ ಮಾಡಬಾರದು. ಗಾಜಿನ ಹರಳುಗಳು ಬೆಲ್ಟು, ಪುಲ್ಲಿಗಳ ನಡುವೆ, ಗಾಳಿ ಎಳೆಯುವ ಬಾಯಿಯ ಬಳಿ ಬಿದ್ದಿರುತ್ತವೆ. ವ್ಯಾಕ್ಯೂಮಿನಿಂದ ಎಳೆದು ತೆಗೆದ ಮೇಲೆಯೇ ಕೀಲಿ ತಿರುಗಿಸಬೇಕು. ಗಾಳಿ ಹೊಡೆದು ಊದುವುದು ತಪ್ಪು, ಅದು ಹರಳುಗಳನ್ನು ಇನ್ನೂ ಒಳಗೆ ತಳ್ಳುತ್ತದೆ. ಸನ್ ಫಿಲ್ಮ್ ಅಂಟಿಸಿದ ಗಾಜಾದರೆ ಒಡೆದರೂ ಹಾಳೆಗೆ ಕಚ್ಚಿಕೊಂಡು ನಿಂತಿರುತ್ತದೆ; ಹೊರಗಿನಿಂದ ಅಗಲವಾದ ಟೇಪನ್ನು ಅಡ್ಡಡ್ಡ ಹಚ್ಚಿ, ಅಂಚು ಕೊಯ್ದು, ಚಾಪೆ ಸುತ್ತಿದಂತೆ ಒಟ್ಟಿಗೆ ಹೊರತೆಗೆಯಬಹುದು.

ಬೆಂಗಳೂರಿನವರೆಗೆ ಓಡಿಸಿಕೊಂಡೇ ಹೋಗಬೇಕಾದರೆ ಒಂದು ಅಪಾಯ ಗಮನದಲ್ಲಿರಬೇಕು. ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಗಾಜಿಲ್ಲದ ಕಿಂಡಿಯಿಂದ ಸೈಲೆನ್ಸರಿನ ಹೊಗೆ ಒಳಗೆ ಎಳೆಯಲ್ಪಡುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮುಂದಿನ ಎಸಿ ಕಿಂಡಿಗಳಿಂದ ಹೊರಗಾಳಿ ಬರುವಂತೆ ಫ್ಯಾನನ್ನು ಪೂರ್ತಿ ಹಾಕಿ, ನಿಧಾನವಾಗಿ ಹೋಗುವುದು ಕನಿಷ್ಠ ಎಚ್ಚರ. ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಸಾಗಿಸುವುದೇ ಸರಿ. ಪ್ಲಾಸ್ಟಿಕ್ ಹಾಳೆ ಮುಚ್ಚುವಾಗ ಬಣ್ಣದ ಮೇಲೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪನ್ನೇ ಹಚ್ಚಬೇಕು. ಪಾರ್ಸೆಲ್ಲಿನ ಕಂದು ಟೇಪಿನ ಗಮ್ಮು ಹಿರಿಯೂರಿನ ಒಂದೇ ಮಧ್ಯಾಹ್ನದಲ್ಲಿ ಬಣ್ಣಕ್ಕೆ ಕರಗಿ ಕೂರುತ್ತದೆ.

ಕೂರಿಸುವ ಕ್ರಮ

ಗಾಜು ಹಿಡಿದು ನಿಲ್ಲುವ ಕ್ರಮ ಎರಡು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಕಾರುಗಳಲ್ಲೂ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳಲ್ಲೂ ರಬ್ಬರ್ ಬೀಡಿಂಗು. ಹೊಸ ಬೀಡಿಂಗನ್ನು ಗಾಜಿನ ಸುತ್ತ ಹಾಕಿ, ಅದರ ಒಳತುಟಿಯ ತೋಡಿನಲ್ಲಿ ಸಣ್ಣ ನೈಲಾನ್ ಹಗ್ಗವನ್ನು ಸುತ್ತಲೂ ಕೂರಿಸಿ, ಹಗ್ಗದ ಎರಡು ತುದಿಗಳನ್ನು ಕೆಳಗೆ ನಡುವಿನಲ್ಲಿ ಬಿಡುತ್ತಾರೆ. ಚೌಕಟ್ಟಿಗೆ ಸೋಪುನೀರು ಸವರಿ ಒಬ್ಬ ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಾನೆ, ಇನ್ನೊಬ್ಬ ಒಳಗೆ ಕುಳಿತು ಹಗ್ಗವನ್ನು ಗಾಜಿಗೆ ಸಮನಾಗಿ ಎಳೆಯುತ್ತಾ ಹೋಗುತ್ತಾನೆ. ಹಗ್ಗ ಬಂದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ಹಾರಿ ಒಳಗೆ ಕೂರುತ್ತದೆ. ಮೂಲೆಗಳಲ್ಲಿ ಅವಸರ ಮಾಡಿದರೆ ಹಗ್ಗ ರಬ್ಬರನ್ನು ಸೀಳುತ್ತದೆ. ಹಳೆಯ ಕಸುಬುದಾರರಿಗೆ ಇದು ನೀರು ಕುಡಿದಷ್ಟು ಸುಲಭ.

ಈಗಿನ ಕಾರುಗಳದು ಅಂಟಿಸುವ ಕ್ರಮ. ಗ್ಯಾರೇಜಿನ ಮಾತಿನಲ್ಲಿ ‘ಪೇಸ್ಟಿಂಗ್’. ಬಳಸುವುದು ಪಾಲಿಯುರೆಥೇನ್ ಅಂಟು. ಗಾಜಿನ ಸುತ್ತ ಕಾಣುವ ಕಪ್ಪು ಪಟ್ಟಿ ಅಲಂಕಾರಕ್ಕಲ್ಲ, ಬಿಸಿಲಿನ ನೇರಳಾತೀತ ಕಿರಣಗಳು ಅಂಟಿಗೆ ತಾಗದಂತೆ ಸುಟ್ಟು ಹಾಕಿದ ಪಿಂಗಾಣಿ ಬಣ್ಣ ಅದು. ಒಡೆದ ಗಾಜನ್ನು ತೆಗೆದ ಮೇಲೆ ಚೌಕಟ್ಟಿನಲ್ಲಿ ಹಳೆಯ ಅಂಟಿನ ದಿಂಡು ಉಳಿದಿರುತ್ತದೆ. ಅದನ್ನು ಪೂರ್ತಿ ಕೆರೆಯಬಾರದು. ಕಾರ್ಖಾನೆಯಲ್ಲಿ ಹಾಕಿದ ಅಂಟು ಬಣ್ಣಕ್ಕೆ ಕಚ್ಚಿದಷ್ಟು ಗಟ್ಟಿಯಾಗಿ ಹೊಸದು ಕಚ್ಚುವುದಿಲ್ಲ. ಆದ್ದರಿಂದ 1ರಿಂದ 2 ಮಿ.ಮೀ. ದಪ್ಪದ ಪದರ ಉಳಿಯುವಂತೆ ಸಮವಾಗಿ ಸವರಿ, ಅದರ ಮೇಲೆಯೇ ಹೊಸ ಅಂಟು ಹಾಕುವುದು ಕ್ರಮ. ಕತ್ತಿ ತಗಡಿಗೆ ತಾಗಿ ಬಣ್ಣ ಕೆರೆದುಹೋದಲ್ಲಿ ಪ್ರೈಮರ್ ಹಚ್ಚದೆ ಬಿಟ್ಟರೆ ತುಕ್ಕು ಅಂಟಿನ ಅಡಿಯಲ್ಲೇ ಹರಡಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಸೋರುತ್ತದೆ. ಹೊಸ ಗಾಜಿನ ಅಂಚನ್ನು ಒರೆಸಿ, ಕಪ್ಪು ಪ್ರೈಮರ್ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ನಿಮಿಷ ಆರಬಿಡಬೇಕು. ಅಂಟಿನ ಟ್ಯೂಬಿನ ಮೂತಿಯನ್ನು ಇಂಗ್ಲಿಷಿನ ‘ವಿ’ ಆಕಾರಕ್ಕೆ ಕತ್ತರಿಸುವುದರಿಂದ ಅಂಟು ತ್ರಿಕೋನದ ಏಣಿನಂತೆ ಎದ್ದು ಬೀಳುತ್ತದೆ. ಗಾಜು ಒತ್ತಿದಾಗ ಏಣು ಕುಸಿದು ಎಲ್ಲಿಯೂ ಗಾಳಿಯ ಸಂದಿ ಇಲ್ಲದೆ ಹರಡುತ್ತದೆ. ದುಂಡಗೆ ಹಾಕಿದ ಅಂಟಿಗೆ ಈ ಗುಣವಿಲ್ಲ.

ಆಮೇಲಿನದು ಕಾಯುವ ಕೆಲಸ. ಹೆಚ್ಚಿನ ಕೆಲಸಗಳು ಕೆಡುವುದು ಇಲ್ಲಿಯೇ. ಈ ಅಂಟು ಒಣಗಿ ಗಟ್ಟಿಯಾಗುವುದಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಹೊರಗಿನಿಂದ ಒಳಕ್ಕೆ ಮಾಗುತ್ತದೆ. ಮಂಗಳೂರಿನ ಜುಲೈ ತಿಂಗಳಲ್ಲಿ ತೇವಕ್ಕೆ ಕೊರತೆಯಿಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಹಿರಿಯೂರು ಸೀಮೆಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಗಾಳಿ ಬಟ್ಟೆ ಒಣಗಿಸುತ್ತದೆ, ಅಂಟನ್ನು ಮಾಗಿಸುವುದಿಲ್ಲ. ಬಿಸಿಗೆ ಅಂಟಿನ ಮೇಲ್ಮೈ ಬೇಗ ಕೆನೆಕಟ್ಟುತ್ತದೆ, ಒಳಗೆ ತೇವ ಸಿಗದೆ ಮೆತ್ತಗೇ ಉಳಿಯುತ್ತದೆ. ಇದರಿಂದ ಒಟ್ಟಿಗೆ ಎರಡು ತೊಂದರೆ: ಅಂಟು ಹಾಕಿದ ಮೇಲೆ ಗಾಜು ಎತ್ತಿ ಕೂರಿಸಲು ಸಿಗುವ ಹೊತ್ತು ಕಡಿಮೆಯಾಗುತ್ತದೆ, ಕೂರಿಸಿದ ಮೇಲೆ ಕಾಯಬೇಕಾದ ಹೊತ್ತು ಹೆಚ್ಚಾಗುತ್ತದೆ. ಅಂಟಿನ ಪೊಟ್ಟಣದ ಮೇಲೆ ‘1 ಗಂಟೆ’ ಎಂದು ಬರೆದಿದ್ದರೆ ಅದು ನಿರ್ದಿಷ್ಟ ಉಷ್ಣಾಂಶಕ್ಕೆ, ನಿರ್ದಿಷ್ಟ ತೇವಾಂಶಕ್ಕೆ ಕೊಟ್ಟ ಲೆಕ್ಕ. ಬಯಲುಸೀಮೆಯ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಕೆಲಸ ಮುಗಿಸಿ, ಕಾರನ್ನು ಮರುದಿನ ಕೊಡುವುದೇ ವಿವೇಕ. ನೆಲಕ್ಕೆ ನೀರು ಚಿಮುಕಿಸಿ ಷೆಡ್ಡಿನ ಗಾಳಿಗೆ ತೇವ ತರುವುದುಂಟು. ಅಂಟಿನ ಮೇಲೆಯೇ ನೀರು ಚಿಮುಕಿಸುವುದು ಬೇರೆ ಮಾತು, ಪ್ರೈಮರ್ ಹಚ್ಚಿದ ಗಾಜು ಕೂರುವ ಮೊದಲು ಅಲ್ಲಿ ಒಂದು ಹನಿಯೂ ಬೀಳಬಾರದು.

ಗಾಜನ್ನು ಇಬ್ಬರು ಹೀರುಬಟ್ಟಲಿನ ಹಿಡಿಕೆಗಳಿಂದ ಎತ್ತಿ, ಮೊದಲೇ ಹಚ್ಚಿಟ್ಟ ಟೇಪಿನ ಗುರುತಿಗೆ ಸರಿಯಾಗಿ ಇಳಿಸುತ್ತಾರೆ. ಒಮ್ಮೆ ಅಂಟಿಗೆ ತಾಗಿದ ಗಾಜನ್ನು ಎತ್ತಿ ಮತ್ತೆ ಇಡುವಂತಿಲ್ಲ. ಸ್ಪೋರ್ಟ್ಸ್ ಕಾರಿನ ಇಳಿಜಾರು ಗಾಜು ತನ್ನ ಭಾರಕ್ಕೆ ಕೆಳಗೆ ಜಾರುವುದರಿಂದ ಮೇಲಿನಿಂದ ಟೇಪು ಕಟ್ಟಿ ಹಿಡಿಸಬೇಕು. ಬಾಗಿಲಿನ ಗಾಜುಗಳನ್ನು ಎರಡು ಬೆರಳಷ್ಟು ಇಳಿಸಿಡಬೇಕು: ಎರಡೇ ಸೀಟಿನ ಪುಟ್ಟ ಕ್ಯಾಬಿನ್ನಿನಲ್ಲಿ ಬಾಗಿಲು ಬಡಿದರೆ ಗಾಳಿಯ ಒತ್ತಡ ಹಸಿ ಅಂಟನ್ನು ಒಂದು ಮೂಲೆಯಲ್ಲಿ ತಳ್ಳಿ ಸಂದಿ ಮಾಡುತ್ತದೆ, ಆ ಸಂದಿ ಕಣ್ಣಿಗೆ ಕಾಣದು, ವೇಗ ಹೆಚ್ಚಿದಾಗ ಸೀಟಿಯ ಸದ್ದಾಗಿ ಕೇಳುತ್ತದೆ. ಬಾತ್‌ರೂಮಿಗೆ ಬಳಸುವ ಸಿಲಿಕೋನನ್ನು ಸೋರಿಕೆ ನಿಲ್ಲಿಸಲೆಂದು ತುಂಬುವವರಿದ್ದಾರೆ. ಅದರ ಹುಳಿವಾಸನೆಯ ಆಮ್ಲ ತಗಡಿಗೆ ತುಕ್ಕು ತರುತ್ತದೆ, ಸಿಲಿಕೋನ್ ತಾಗಿದ ಜಾಗಕ್ಕೆ ಮುಂದೆ ಪಾಲಿಯುರೆಥೇನ್ ಕಚ್ಚುವುದೂ ಇಲ್ಲ.

ಹಿಂದಿನ ಗಾಜಿನ ಮೇಲಿನ ತೆಳು ಗೆರೆಗಳು ಡಿಫಾಗರ್. ಬೆಳ್ಳಿ ಬೆರೆತ ಲೇಪವನ್ನು ಗಾಜಿಗೆ ಸುಟ್ಟು ಮಾಡಿದವು. ಹಲವು ಕಾರುಗಳಲ್ಲಿ ರೇಡಿಯೊ ಆಂಟೆನಾ ಸಹ ಅಲ್ಲೇ. ಒಂದು ಗೆರೆ ತುಂಡಾದರೆ ವಿದ್ಯುತ್ ಹರಿಸುವ ಬಣ್ಣ ಹಚ್ಚಿ ಸರಿಮಾಡಬಹುದು. ಹಳೆಯ ಫಿಲ್ಮನ್ನು ಬ್ಲೇಡಿನಿಂದ ಕೆರೆದು ಎಲ್ಲ ಗೆರೆಗಳನ್ನೂ ಕೊಂದ ಮೇಲೆ ಉಪಾಯವಿಲ್ಲ. ಚಿತ್ರದುರ್ಗದಲ್ಲಿ ಡಿಫಾಗರ್ ಗುಂಡಿ ಒತ್ತುವವರು ವಿರಳ, ಆದ್ದರಿಂದ ವೈರು ಜೋಡಿಸಿದ್ದಾರೋ ಇಲ್ಲವೋ ಎಂದು ನೋಡದೆ ಕಾರು ಕೊಡುತ್ತಾರೆ. ಗೋವಾಕ್ಕೆ ಹೊರಟವನಿಗೆ ಅದು ಗೊತ್ತಾಗುವುದು ಮಳೆಗಾಲದ ಅನಮೋಡ ಘಾಟಿಯಲ್ಲಿ.

ಬಟ್ಟೆ ಚಾವಣಿ ಮತ್ತು ಪಾಲಿಕಾರ್ಬೊನೇಟ್

ಮಡಚುವ ಚಾವಣಿಯ ಪ್ಲಾಸ್ಟಿಕ್ ಕಿಟಕಿ ಶೀತದೇಶಗಳಲ್ಲಿ ಚಳಿಗೆ ಸೆಟೆದು ಮಡಿಕೆಯಲ್ಲಿ ಸೀಳುತ್ತದೆ. ನಮ್ಮಲ್ಲಿ ಅದನ್ನು ಕೊಲ್ಲುವುದು ಬಿಸಿಲು ಮತ್ತು ಧೂಳು: ಮೊದಲು ಹಳದಿ, ಆಮೇಲೆ ಹಾಲುಬಣ್ಣ. ಒಣ ಬಟ್ಟೆಯಿಂದ ಧೂಳು ಒರೆಸುವುದೇ ಅದಕ್ಕೆ ಮರಳುಕಾಗದ ಉಜ್ಜಿದ ಹಾಗೆ. ನೀರು ಸುರಿದ ಮೇಲೆಯೇ ಕೈ ಹಾಕಬೇಕು. ಇದರ ಬದಲಾವಣೆ ಗಾಜಿನವರ ಕೆಲಸವಲ್ಲ, ಸೀಟ್ ಕುಷನ್ ಹೊಲಿಯುವವರದು. ಹಳೆಯ ಹೊಲಿಗೆ ಬಿಚ್ಚಿ, ತೆಗೆದ ಹಾಳೆಯನ್ನೇ ಅಳತೆಗಿಟ್ಟು ಹೊಸ ಪಾರದರ್ಶಕ ವಿನೈಲ್ ಕತ್ತರಿಸಿ, ಬಿಸಿಲು ತಾಳುವ ಪಾಲಿಯೆಸ್ಟರ್ ದಾರದಿಂದ ಹಳೆಯ ತೂತುಗಳಲ್ಲೇ ಹೊಲಿದು, ಹೊಲಿಗೆಗೆ ನೀರು ಇಳಿಯದ ಲೇಪ ಹಚ್ಚುತ್ತಾರೆ. ಹೊಸ ತೂತು ಹೊಡೆದಷ್ಟೂ ಬಟ್ಟೆ ಸಡಿಲ. ಲಾರಿ ಟಾರ್ಪಾಲು, ಆಟೊ ಹುಡ್ಡು ಹೊಲಿದು ಪಳಗಿದವರು ಇದನ್ನು ಚೆನ್ನಾಗಿಯೇ ಮಾಡಬಲ್ಲರು. ಹಿರಿಯೂರಿನಲ್ಲೇ ಮುಗಿಯಬಹುದಾದ ಸ್ಪೋರ್ಟ್ಸ್ ಕಾರಿನ ಕೆಲಸ ಇದು.

ರ‍್ಯಾಲಿ ಮತ್ತು ರೇಸಿನ ಕಾರುಗಳಲ್ಲಿ ತೂಕ ಉಳಿಸಲು ಪಾಲಿಕಾರ್ಬೊನೇಟ್ ಹಾಳೆ ಹಾಕುತ್ತಾರೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯಂಥ ಕಚ್ಚಾದಾರಿಯ ಸ್ಪರ್ಧೆಗಳಲ್ಲಿ ಅದು ಒಡೆದು ಚೂರಾಗದಿರುವುದೂ ಒಂದು ಲಾಭ. ಆದರೆ ಬಿಸಿಗೆ ಅದು ಗಾಜಿನ ಸುಮಾರು 7 ಪಟ್ಟು ಹಿಗ್ಗುತ್ತದೆ. 1 ಮೀಟರ್ ಉದ್ದದ ಹಾಳೆ ಮುಂಜಾನೆಯ 20 ಡಿಗ್ರಿಯಿಂದ ಬಿಸಿಲಲ್ಲಿ 65 ಡಿಗ್ರಿಗೆ ಏರಿದರೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಗಾಜು ಅರ್ಧ ಮಿ.ಮೀ. ಕೂಡ ಇಲ್ಲ. ಆದ್ದರಿಂದ ಸ್ಕ್ರೂ ತೂತುಗಳನ್ನು ದೊಡ್ಡದಾಗಿ ಕೊರೆದು, ರಬ್ಬರ್ ವಾಷರ್ ಹಾಕಿ, ಸಡಿಲವಾಗಿಯೇ ಬಿಗಿಯಬೇಕು. ಪೆಟ್ರೋಲು, ಥಿನ್ನರು ತಾಗಿದರೆ ಹಾಳೆಯೊಳಗೆ ಕೂದಲೆಳೆಯ ಬಿರುಕುಗಳು ಏಳುತ್ತವೆ.

ಗಾಜು ತರಿಸುವುದು, ಕಾನೂನು, ವಿಮೆ

ಭಾರತದಲ್ಲಿ ತಯಾರಾಗುವ ಕಾರುಗಳಿಗೆ ಅಸಾಹಿ ಇಂಡಿಯಾ, ಸೇಂಟ್ ಗೋಬೈನ್ ಸೆಕ್ಯೂರಿಟ್ ಕಂಪನಿಗಳ ಗಾಜು ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಸಿಗುತ್ತದೆ. ಆಮದು ಕಾರಿನದು ಡೀಲರ್ ಮೂಲಕ ಹೊರದೇಶದಿಂದ ಬರಬೇಕು. ಗಾಜು ಒಡೆಯುವ ಮೊದಲೇ ಅದರ ಮೂಲೆಯ ಮುದ್ರೆಯ ಫೋಟೊ ತೆಗೆದಿಟ್ಟುಕೊಂಡವನೇ ಜಾಣ: ತಯಾರಕರ ಹೆಸರು, ಹದಗೊಳಿಸಿದ್ದೋ ಪದರದ್ದೋ ಎಂಬುದು, ವೃತ್ತದೊಳಗಿನ ‘ಇ’ ಅಕ್ಷರ ಮತ್ತು ಅಂಕಿ ಅಲ್ಲಿರುತ್ತವೆ. 1 ಎಂದರೆ ಜರ್ಮನಿಯಲ್ಲಿ, 3 ಎಂದರೆ ಇಟಲಿಯಲ್ಲಿ ಪಡೆದ ಅನುಮೋದನೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು, ಬದಿಯವು ಶೇ. 50ರಷ್ಟು ಬೆಳಕನ್ನು ಒಳಬಿಡಬೇಕು. ಅವಿಷೇಕ್ ಗೋಯಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಏಪ್ರಿಲ್ 27ರಂದು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ‘ಸುರಕ್ಷತಾ ಗ್ಲೇಜಿಂಗ್’ (ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜೂ ಇದರಲ್ಲಿ ಸೇರುತ್ತದೆ) ಎಂಬುದನ್ನು ನಿಯಮಕ್ಕೆ ಸೇರಿಸಿತು. ಅದರ ಆಧಾರದ ಮೇಲೆ, ಬೆಳಕಿನ ಪ್ರಮಾಣ ಮೀರದ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದು ಕೇರಳ ಹೈಕೋರ್ಟು 2024ರಲ್ಲಿ ಹೇಳಿದೆ. ಹೊಸ ಗಾಜಿಗೆ ಫಿಲ್ಮ್ ಹಾಕಿಸುವವರು ಶೇ. 70ರ ಲೆಕ್ಕವನ್ನು ಹಿಂದಿನ ಗಾಜಿಗೂ ಅನ್ವಯಿಸಬೇಕೆಂಬುದನ್ನು ಮರೆತು, ಬದಿಯ ಗಾಜಿನ ಫಿಲ್ಮನ್ನೇ ಅಲ್ಲಿಗೂ ಹಾಕಿಸಿಬಿಡುತ್ತಾರೆ.

ವಿಮೆಯಲ್ಲಿ ವಸ್ತುವಿನ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕಾರಿನ ಸ್ವಂತ ಹಾನಿಯ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ. ರಬ್ಬರು, ಪ್ಲಾಸ್ಟಿಕ್ಕಿಗೆ ಶೇ. 50, ಫೈಬರ್‌ಗ್ಲಾಸ್ ಭಾಗಗಳಿಗೆ ಶೇ. 30 ಕಡಿತ. ಒಂದೇ ಏಟಿಗೆ ಒಡೆದ ಗಾಜಿನ ಹಣ ಸವಕಳಿಯಿಲ್ಲದೆ ಬಂದರೂ ಅದರ ಬೀಡಿಂಗಿನ ಅರ್ಧ ಹಣ ಮಾಲೀಕನ ಮೇಲೆ. ಪ್ಲಾಸ್ಟಿಕ್ ಕಿಟಕಿಯ ಚಾವಣಿಗೂ ಹಾಗೆಯೇ. 1500 ಸಿಸಿ ಮೀರಿದ ಕಾರಿಗೆ ಕಡ್ಡಾಯವಾಗಿ 2000 ರೂಪಾಯಿ, ಅದರೊಳಗಿನದಕ್ಕೆ 1000 ರೂಪಾಯಿ ಕೈಯಿಂದ ಕಟ್ಟಬೇಕು. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಅದಕ್ಕೆ ಬೇರೆ ರಕ್ಷಣೆ ಕೊಂಡಿದ್ದರೆ ಮಾತ್ರ ಉಳಿಯುತ್ತದೆ. ಹಳೆಯ ಅಗ್ಗದ ಕಾರಿನ ಗಾಜಿಗೆ ಕ್ಲೇಮ್ ಮಾಡುವುದು ನಷ್ಟವೇ ಆಗಬಹುದು, ಆಮದು ಕಾರಿನದಕ್ಕೆ ಹಾಗಲ್ಲ. ತೆಂಗಿನಕಾಯಿ ಬಿದ್ದದ್ದು ಹೊರಗಿನ ಆಕಸ್ಮಿಕ, ಬಂದ್ ದಿನದ ಕಲ್ಲೇಟು ಗಲಭೆಯ ಹಾನಿ. ಎರಡೂ ಸ್ವಂತ ಹಾನಿಯ ಪಾಲಿಸಿಯೊಳಗೆ ಬರುತ್ತವೆ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಎರಡಕ್ಕೂ ಒಂದು ರೂಪಾಯಿಯೂ ಸಿಗದು. ಸರ್ವೇಯರ್ ಬಂದು ನೋಡುವ ಮೊದಲು ಹರಳುಗಳನ್ನು ಗುಡಿಸಬೇಕಾಗಿ ಬಂದರೆ, ಬಿದ್ದ ಕಾಯಿಯೊಂದಿಗೆ ಕಾರಿನ ಫೋಟೊ ತೆಗೆದಿಡುವುದು ಒಳ್ಳೆಯದು.